ಕಂಪ್ಯೂಟರ್ ಕೋಣೆಗೆ ಬಂದ ಕೆಂಪು ಧೂಳು

ಸಂಡೂರು ರಸ್ತೆಯ ನಮ್ಮ ಹೈಸ್ಕೂಲಿಗೆ ಐದು ಕಂಪ್ಯೂಟರ್ ಬಂದದ್ದು ಅದಿರಿನ ಲಾರಿಗಳು ರಸ್ತೆ ತುಂಬಿ ನಿಲ್ಲುತ್ತಿದ್ದ ವರ್ಷಗಳಲ್ಲಿ. ಐದೋ ಆರೋ. ಒಂದು ಯಾವಾಗಲೂ ಕೆಟ್ಟಿರುತ್ತಿತ್ತು, ಅದನ್ನೂ ಎಣಿಸಿದ್ದೇನೋ ಇಲ್ಲವೋ ಗೊತ್ತಿಲ್ಲ. ನಾನು ಅಲ್ಲಿ ವಿಜ್ಞಾನದ ಟೀಚರ್, ಹೊಸಪೇಟೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ.

ಹೆಡ್‌ಮಾಸ್ತರರು ಆ ಕೋಣೆಯನ್ನು ದೇವರ ಕೋಣೆಯಂತೆ ಕಾಯುತ್ತಿದ್ದರು. ಕಿಟಕಿಗಳು ಸದಾ ಮುಚ್ಚಿರಬೇಕು, ಮಾನಿಟರುಗಳಿಗೆ ಬಟ್ಟೆ ಹೊದಿಸಿರಬೇಕು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಕೆಟ್ಟಿನ ನೀರಿನಲ್ಲಿ ಕಾಲು ತೊಳೆದು, ಗೋಣಿಚೀಲದ ಮೇಲೆ ಒರೆಸಿಕೊಂಡವರಿಗಷ್ಟೇ ಒಳಗೆ ಪ್ರವೇಶ. ಅದಿರಿನ ಧೂಳಿಗೆ ಊರಿನ ಬೇವಿನ ಎಲೆಯೂ ಕೆಂಪಾಗಿದ್ದ ಕಾಲ ಅದು. ಅವರ ಹಟ ತಪ್ಪು ಎನ್ನಲಾರೆ.

ಶಾಲೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಭಾನುವಾರ ಹೊಸಪೇಟೆಯ ಸೈಬರ್ ಸೆಂಟರಿನಲ್ಲಿ ಕೂತು, ಆರೋಗ್ಯದ ಪಾಠಕ್ಕೆ ಚಿತ್ರಗಳನ್ನು ಹುಡುಕಿ, ಮಾಹಿತಿಯನ್ನು ಕನ್ನಡದಲ್ಲಿ ಟೈಪು ಮಾಡಿ, ಸಿಡಿಗೆ ಹಾಕಿಸಿಕೊಂಡು ಬರುತ್ತಿದ್ದೆ. ಕೈ ತೊಳೆಯುವುದು, ರಕ್ತಹೀನತೆ, ಮಲೇರಿಯಾ ಮುಗಿದಿದ್ದವು. ಈಗ ಕ್ಷಯ.

ಆ ದಿನ ಹೊರಗೆ ಮೋಡ ಕವಿದಿತ್ತು ಎಂದು ಬರೆಯಲು ಕೈ ಹೋಗುತ್ತಿದೆ. ಮೋಡದ ನೆನಪು ನನಗಿಲ್ಲ. ಒಳಗಿನ ಪಾಠ ಗಂಭೀರವಾಗಿದ್ದರೆ ಹೊರಗೆ ಮೋಡವಿರಲಿ ಎಂಬ ಆಸೆ, ಅಷ್ಟೆ. ಪರದೆಯ ಮೇಲಿದ್ದದ್ದು ಮಾತ್ರ ಖಚಿತ. ಮಂಚದ ಮೇಲೆ ಕೂತ ಬಡಕಲು ಹೆಂಗಸು, ಪಕ್ಕದಲ್ಲಿ ಕೆಂಪು ಕಲೆಯ ಬಿಳಿ ಕರವಸ್ತ್ರ. ಕೆಳಗೆ ನಾನೇ ಟೈಪು ಮಾಡಿದ್ದ ಸಾಲು: ಮೂರು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಕಫದಲ್ಲಿ ರಕ್ತ.

ಹಿಂದಿನ ಸಾಲಿನ ಹುಡುಗನೊಬ್ಬ ಜೇಬಿನಿಂದ ತನ್ನ ಕರವಸ್ತ್ರ ಎಳೆದು ಹರವಿದ. "ಟೀಚರ್, ಇದೂ ಕೆಂಪ ಐತ್ರಿ. ಹಂಗಂದ್ರ ನಮ್ಮ ಸಾಲಿ ಹುಡುಗ್ರೆಲ್ಲ ದವಾಖಾನಿಗೆ ನಡೀಬೇಕಾಗ್ತೈತಿ."

"ಒಳಗ ಇಟ್ಕೋಲೇ ಅದನ್ನ," ಎಂದಳು ಪಕ್ಕದವಳು. "ಇನ್ನೂ ಊಟ ಮಾಡೋದೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಊರಲ್ಲಿ ಯಾರ ಉಗುಳು ಕೆಂಪಿರಲಿಲ್ಲ? ಆ ಚಿತ್ರ ತೆಗೆದವರಿಗೆ ಇಂಥದೊಂದು ಊರು ಇರಬಹುದೆಂದು ಗೊತ್ತಿರಲಿಲ್ಲ. ಗೊತ್ತಿದ್ದ ನಾನೂ ಹಾಗೇ ತಂದು ತೋರಿಸಿದ್ದೆ.

ಬೆಲ್ಲು ಹೊಡೆದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಉಳಿದುಕೊಂಡಳು. ಅವಳು ನಕ್ಕಿದ್ದಳೋ ಇಲ್ಲವೋ, ನಾನು ನೋಡಿರಲಿಲ್ಲ.

"ಟೀಚರ್, ನಮ್ಮವ್ವಂದೂ ಕೆಂಪ ಬರ್ತೈತ್ರಿ. ಧೂಳು ಅಂತಾಳ."

"ಎಷ್ಟು ದಿನದಿಂದ?"

"ಜ್ವಾಳ ಕೊಯ್ಯೋಕ್ಕಿಂತ ಮೊದಲಿಂದ. ಸಂಜಿಕಿ ಮೈ ಸುಡ್ತೈತ್ರಿ."

ಮೂರು ವಾರ ಎಂದೋ ಮೀರಿತ್ತು. ತಾಯಿ ಅದಿರು ರಾಶಿ ಹಾಕುವ ಸ್ಟಾಕ್‌ಯಾರ್ಡಿನಲ್ಲಿ ಜರಡಿ ಹಿಡಿಯುವವಳು. ಆಸ್ಪತ್ರೆಗೆ ಬಾ ಎಂದರೆ, ಯಾರ್ಡಿನಲ್ಲಿ ಎಲ್ಲರೂ ಕೆಮ್ಮುತ್ತಾರೆ ಎಂದು ಮಗಳ ಬಾಯಿ ಮುಚ್ಚಿಸಿದ್ದಳಂತೆ. ಆ ಮಧ್ಯಾಹ್ನ ನಾವಿಬ್ಬರೂ ಕೂತು ಪಾಠ ತಿದ್ದಿದೆವು. ಕೀಲಿಗಳನ್ನು ಒಂದೊಂದಾಗಿ ಹುಡುಕುತ್ತ ಅವಳೇ ಒತ್ತಿದಳು: ನಮ್ಮೂರಲ್ಲಿ ಬಣ್ಣ ನೋಡಿ ಧೂಳು ಎಂದು ಬಿಡಬೇಡಿ, ವಾರ ಎಣಿಸಿ, ಕಫ ಪರೀಕ್ಷೆ ಮಾಡಿಸಿ.

ಎರಡು ದಿನದ ಮೇಲೆ ಆ ದಿನದ ಕೆಲಸ ಮುಗಿಸಿದ ತಾಯಿಯನ್ನು ಮಗಳು ನೇರ ಶಾಲೆಗೆ ಎಳೆದು ತಂದಳು. ಆಕೆ ಹೆಡ್‌ಮಾಸ್ತರರನ್ನು ಕಂಡು ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ನಿಂತಳು. ಸೀರೆ, ಕೂದಲು, ರೆಪ್ಪೆ, ಎಲ್ಲ ಕೆಂಪು.

"ಬ್ಯಾಡ್ರಿ ಸರ, ನಾ ಇಲ್ಲೇ ಇರ್ತೀನಿ. ಮೈಯೆಲ್ಲ ಧೂಳೈತಿ. ಕಾಲು ತೊಳದ್ರ ಆಗೋದಲ್ಲ ಇದು."

ಹೆಡ್‌ಮಾಸ್ತರರು ಬಕೆಟ್ಟು ನೋಡಿದರು, ಆಕೆಯನ್ನು ನೋಡಿದರು. "ಬರ್ರಿ ಯಮ್ಮಾ, ಕುಂದರ್ರಿ. ಧೂಳು ಒರಸಿದ್ರ ಹೋಗ್ತೈತಿ," ಎಂದು ತಾವೇ ಕುರ್ಚಿ ಎಳೆದರು. ಗಾಳಿಯಾಡಲೆಂದು ನಾನು ಕಿಟಕಿಗಳನ್ನೆಲ್ಲ ತೆರೆದೆ. ಬಿಗಿದುಕೊಂಡಿದ್ದ ಒಂದನ್ನು ಅವರೇ ಎಳೆದು ತೆಗೆದರು.

ಮಗಳು ಸಾಲುಗಳನ್ನು ಓದುತ್ತಿದ್ದಳು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಪರದೆಯಲ್ಲಿ ಮಂಚದ ಮೇಲಿದ್ದ ಹೆಂಗಸನ್ನೇ ನೋಡುತ್ತಿದ್ದಳು.

"ಈಕಿ ಯಾವೂರಾಕಿ?"

"ಗೊತ್ತಿಲ್ಲ."

"ಆರಾಮಾದ್ಲೇನ್ರಿ?"

"ಆಗ್ಯಾಳ," ಎಂದೆ. ನನಗೆ ಗೊತ್ತಿರಲಿಲ್ಲ. ಆ ಚಿತ್ರದ ಹೆಂಗಸು ಬದುಕಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ವಿಜ್ಞಾನ ಕಲಿಸುವವಳು ಹೇಳಬಾರದ ಮಾತು. ಮತ್ತೆ ಯಾರಾದರೂ ಹಾಗೆ ಕೇಳಿದರೆ ಏನು ಹೇಳುತ್ತೇನೋ ತಿಳಿಯದು.

ಮರುದಿನ ಆಕೆ ಕೆಲಸಕ್ಕೆ ಹೋಗದೆ ಸಂಡೂರಿನ ಆಸ್ಪತ್ರೆಗೆ ಹೋದಳು. ಪರೀಕ್ಷೆಯಲ್ಲಿ ಕ್ಷಯ ಎಂದೇ ಬಂತು. ಆಕೆಯ ಹೆಸರು ಬರೆದ ಔಷಧಿಯ ಡಬ್ಬಿಯೊಂದು ಊರಿನ ಅಂಗನವಾಡಿಗೆ ಬಂತು. ಅಂಗನವಾಡಿ ಟೀಚರ ಮುಂದೆಯೇ ಗುಳಿಗೆ ನುಂಗಬೇಕು, ಆರು ತಿಂಗಳು ತಪ್ಪಿಸುವಂತಿಲ್ಲ. ಎರಡು ತಿಂಗಳಿಗೇ ಜ್ವರ ನಿಂತು, ತಾಯಿ ಇನ್ನು ಸಾಕು ಎಂದು ಹಟ ಹಿಡಿದಳು. ಮಗಳು ಎರಡು ದಿನ ಮಾತು ಬಿಟ್ಟಳು. ತಾಯಿ ಮತ್ತೆ ನುಂಗತೊಡಗಿದಳು.

ಆಕೆಯನ್ನು ಉಳಿಸಿದ್ದು ಕಂಪ್ಯೂಟರ್ ಎಂದು ನಾನು ಮೀಟಿಂಗುಗಳಲ್ಲಿ ಹೇಳಿಕೊಂಡದ್ದುಂಟು. ಮಗಳು ಅದಕ್ಕೂ ಎಷ್ಟೋ ದಿನ ಮೊದಲಿಂದ ತಾಯಿಯೊಂದಿಗೆ ದಿನವೂ ಜಗಳ ಆಡುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಮೀಟಿಂಗಿನ ಮಾತನ್ನು ನಂಬಬೇಡಿ.

ಕೊನೆಯ ಪರೀಕ್ಷೆಯ ದಿನ ಅವರ ಜೊತೆ ನಾನೂ ಹೋಗಿದ್ದೆ, ಇದು ಕಣ್ಣಾರೆ ಕಂಡದ್ದು. ಕಫದಲ್ಲಿ ಏನೂ ಇಲ್ಲ, ಗುಣವಾಗಿದೆ ಎಂದು ಲ್ಯಾಬಿನವರು ಚೀಟಿ ಕೊಟ್ಟರು. ತಾಯಿ ಅದನ್ನು ಮಗಳ ಕೈಗಿಟ್ಟು ಹೊರಗಿನ ಬೆಂಚಿನತ್ತ ನಡೆದಳು. ಅಲ್ಲಿ ಅವಳ ಸ್ಟಾಕ್‌ಯಾರ್ಡಿನ ಇಬ್ಬರು ಹೆಂಗಸರು ಕಫಕ್ಕೆಂದು ಕೊಟ್ಟ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಾಚಿಕೊಂಡು ಕೂತಿದ್ದರು. ಅವರನ್ನು ಕರೆತಂದವಳು ಅವಳೇ.

"ಜೊಲ್ಲು ಉಗುಳಿದ್ರ ನಡ್ಯಂಗಿಲ್ಲ," ಎನ್ನುತ್ತಿದ್ದಳು. "ಎದಿಯಾಗಿಂದು ಬರಬೇಕು. ನಾಚಬ್ಯಾಡ್ರಿ, ಅಲ್ಲಿ ಬೈಲಿಗೆ ಹೋಗಿ ಜೋರು ಕೆಮ್ರಿ."