ಬ್ಯಾಂಜೋದವರಿಗೆ ಎಡೆ

ಕ್ಯಾರಿ ಊರಿನ ಬೋರಲಿಂಗಯ್ಯ ಅಂಕಲ್‌ಗೆ ಪಿತೃಪಕ್ಷ ಬಂತೆಂದರೆ, ಈ ಪರದೇಶದ ಬೆಟ್ಟದ ಜನರ ಬ್ಲೂಗ್ರಾಸ್ ಸಂಗೀತ ನುಡಿಸಿ ತೀರಿಹೋದವರೆಲ್ಲ ನೆಂಟರು. ತಮ್ಮ ಅಪ್ಪನ ಫೋಟೋದ ಪಕ್ಕ ಆ ವಾದಕರ ಕ್ಯಾಸೆಟ್‌ಗಳನ್ನು ಒರಗಿಸಿ, ಕುಂಕುಮವಿಟ್ಟು, ಪಿಟೀಲಿನವರಿಗೆ ವಡೆ, ಕೋಳಿಸಾರು, ಬ್ಯಾಂಜೋದವರಿಗೆ ಮಾತ್ರ ಜೊತೆಗೊಂದು ಗುಟುಕು ವಿಸ್ಕಿ ಎಡೆ ಇಡುತ್ತಾರೆ. “ಇವ್ರು ನಮ್ಮೋರಲ್ವಲ್ರೀ” ಎಂದು ಹೆಂಡತಿ ಪುಟ್ಟತಾಯಮ್ಮ ಗೊಣಗಿದರೆ, “ದಿನಾ ಕಾರಲ್ಲಿ ನನ್ ಜೊತೆ ಆಫೀಸಿಗ್ ಬರೋರು ಇವ್ರೇ ಅಲ್ವಾ” ಎನ್ನುತ್ತಾರೆ. ಆಮೇಲೆ ಟೇಪು ಹಾಕಿ, ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ, ಬಂದವರನ್ನೆಲ್ಲ ಅಂಗಳಕ್ಕೆ ಕಳಿಸುತ್ತಾರೆ. ಮುಸ್ಸಂಜೆಯ ಹುಲ್ಲಿನ ಮೇಲೆ ನಿಂತು ಕೇಳುತ್ತಿದ್ದರೆ, ಒಳಗೆ ಯಾರೋ ಉಂಡು, ಕೈ ಒರೆಸಿಕೊಂಡು, ಮತ್ತೆ ತಂತಿ ಮೀಟಿದಂತೆ ಅನ್ನಿಸುತ್ತದೆ. ಒಮ್ಮೆ, ತೀರಿಹೋದನೆಂಬ ಯಾರದೋ ಮಾತು ನಂಬಿ, ಬ್ಯಾಂಜೋದ ಮುದುಕ ವರ್ನನ್‌ಗೂ ಎಡೆ ಇಟ್ಟಿದ್ದರು. ಮರುತಿಂಗಳೇ ಆಶ್‌ವಿಲ್‌ನ ಒಂದು ಸಂಗೀತ ಕಚೇರಿಯಲ್ಲಿ ಆತ ಎದುರಿಗೇ ಕೂತು ನುಡಿಸುತ್ತಿದ್ದ. ವಿಷಯ ಹೇಳಿದಾಗ ನಕ್ಕು, ಆ ವಿಸ್ಕಿ ಯಾರು ಕುಡಿದರು ಎಂದಷ್ಟೇ ಕೇಳಿದನಂತೆ. ಕಳೆದ ಚಳಿಗಾಲ ವರ್ನನ್ ನಿಜವಾಗಿಯೂ ತೀರಿಕೊಂಡ. ಅಂಕಲ್ ಮಣ್ಣಿಗೂ ಹೋಗಿಬಂದರು. ಆದರೆ ಈ ವರ್ಷದ ಎಡೆಯಲ್ಲಿ ಅವನ ಕ್ಯಾಸೆಟ್ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಅಂಕಲ್ ಬಾಗಿಲ ಕಡೆ ನೋಡುತ್ತ, “ಇರ್ಲಿ ಬಿಡಪ್ಪ, ಆವತ್ತೂ ಹಿಂಗೇ, ಹೋಗ್ಬಿಟ್ಟ ಅಂದಿದ್ರು” ಎಂದರು.