ಟ್ಯಾಂಕರ್ ಮುಂದಿನ ಎರಡು ಸಾಲು

ಕಳೆದ ತಿಂಗಳು ನಾನು ಒಂದು ಬೀದಿಯನ್ನು ಎರಡು ದೇಶ ಮಾಡಿದೆ. ಬೇಕಾದದ್ದು ಒಂದು ಡಬ್ಬ ಸುಣ್ಣದ ಪುಡಿ, ಅಷ್ಟೇ.

ಅರೆಕೆರೆಯ ನಮ್ಮ ಬೀದಿಗೆ ಕಾವೇರಿ ಇನ್ನೂ ಬಂದಿಲ್ಲ. (ಪೈಪ್ ಬಂದಿದೆ. ನೀರು ಬರಬೇಕು.) ದಿನ ಬಿಟ್ಟು ದಿನ ಬೆಳಿಗ್ಗೆ ಟ್ಯಾಂಕರ್ ಬಂದು ಎಸ್‌ಟಿಡಿ ಬೂತಿನ ಮುಂದೆ ನಿಲ್ಲುತ್ತದೆ. ನೂಕಾಟ, ಕೂಗಾಟ. ಒಂದು ದಿನ ಕೊಡ ಬಡಿದು ಒಬ್ಬರ ಹಣೆಯೇ ಒಡೆಯಿತು. ಬೀದಿಯ ಸಂಘಕ್ಕೆ ಸೆಕ್ರೆಟರಿ ಯಾರು? ನಿಮ್ಮ ಈ ಅಂಕಣಕಾರನೇ. ಸುಮ್ಮನಿರಲಾದೀತೆ? ಹಣೆ ಒಡೆಸಿಕೊಂಡವರು ಉತ್ತರ ಕರ್ನಾಟಕದಿಂದ ಬಂದ ಬಾಡಿಗೆಯವರು, ಕೊಡ ಬೀಸಿದವರು ಇದೇ ಊರಿನ ಹಳೇ ಮನೆಯವರು. ಸರಿ, ಊರಿನವರಿಗೊಂದು ಸಾಲು, ಬಾಡಿಗೆಯವರಿಗೊಂದು ಸಾಲು, ನಡುವೆ ಸುಣ್ಣದ ಗೆರೆ ಎಂದು ತೀರ್ಮಾನಿಸಿದೆ.

ಗೆರೆ ಎಳೆಯುವಾಗ ಪಕ್ಕದ ಮನೆಯ ನಂಜಪ್ಪ ಬಂದು ನಿಂತರು. ಮಿಲಿಟರಿಯಿಂದ ರಿಟೈರ್ ಆದ ಹವಾಲ್ದಾರ್.

"ಬೇಡ ಸಾರ್. ಒಂದೇ ಲೈನ್ ಇರ್ಲಿ, ಹೊಡೆದಾಡ್ಕೊಂಡ್ರೂ ಪರವಾಗಿಲ್ಲ."

"ಯಾಕ್ರೀ?"

"ಶಾಂತಿ ಕಾಯಕ್ಕೆ ಅಂತ ನಮ್ಮನ್ನ ಒಂದ್ಸಲ ಬೇರೆ ದೇಶಕ್ಕೆ ಕಳಿಸಿದ್ರು. ಅಲ್ಲಿ ಎರಡು ಜನಾಂಗ. ಮದುವೆ ಗಿದುವೆ ಆಗಿ ಎಲ್ಲ ಕಲಸುಮೇಲೋಗರ, ಯಾರು ಯಾವುದು ಅಂತ ಅವರಿಗೇ ನೆಟ್ಟಗೆ ಗೊತ್ತಿಲ್ಲ. ಸರ್ಕಾರ ಎರಡು ಬಣ್ಣದ ಕಾರ್ಡ್ ಕೊಡ್ತು. ಅಕ್ಕಿ ಹಂಚುವಾಗ ಗಲಾಟೆ ಬೇಡ ಅಂತ ಅವರ ಸೈನ್ಯ ಕಾರ್ಡ್ ನೋಡಿ ಎರಡು ಲೈನ್ ಮಾಡ್ತು. ನಾನು ಮಧ್ಯೆ ಕಾವಲು. ಆಮೇಲೆ ಕತ್ತಿ ಹಿಡ್ಕೊಂಡು ಬಂದೋರು ಯಾರನ್ನೂ ಹುಡುಕ್ಲೇ ಇಲ್ಲ ಸಾರ್. ಲೈನ್ ನೋಡಿದ್ರೆ ಸಾಕಾಗಿತ್ತು."

"ಇದು ಅರೆಕೆರೆ ಕಣ್ರೀ" ಎಂದು ನಕ್ಕು ಗೆರೆ ಮುಗಿಸಿದೆ.

ಮೊದಲ ವಾರ ಸಖತ್ ಶಿಸ್ತು. ನನಗೋ ಹೆಮ್ಮೆ! ಎರಡನೇ ವಾರ, "ಆ ಲೈನಿಗೆ ಜಾಸ್ತಿ ನೀರು" ಎಂದು ಎರಡೂ ಕಡೆಯಿಂದ ದೂರು. ಮೂರನೇ ವಾರ ಗೌರಮ್ಮ ಬಂದರು. ಊರಿನ ಹಳೇ ರೈತರ ಮನೆಯವರು, ಈಗ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದಾರೆ. ಒಂದರಲ್ಲಿ ಬಾಗಲಕೋಟೆ ಕಡೆಯ ಕಸ್ತೂರಿ ನಾಲ್ಕು ವರ್ಷದಿಂದ ಇದ್ದಾರೆ. ಗೌರಮ್ಮನ ಮಗಳ ಬಾಣಂತನದಲ್ಲಿ ಕೂಸಿಗೆ ನೀರು ಹಾಕಿದ್ದು ಇದೇ ಕಸ್ತೂರಿ. ಇಬ್ಬರೂ ಟ್ಯಾಂಕರಿಗೆ ಜೊತೆಯಲ್ಲೇ ಬರುತ್ತಿದ್ದರು, ಗೆರೆ ಬೀಳುವ ತನಕ.

"ಆ ಲೈನೋರೆಲ್ಲ ಒಂದಾಗವ್ರೆ ಸಾರ್. ಇವ್ಳೂ ಅಲ್ಲೇ ನಿಂತ್ಕತಾಳೆ. ಮನೆ ಖಾಲಿ ಮಾಡು ಅಂದಿದೀನಿ."

ಹಿಂದೆಯೇ ಕಸ್ತೂರಿ. "ಮಗಳ ಹತ್ತನೇತ್ತಿ ಪರೀಕ್ಷಾ ಮುಂದೈತ್ರಿ ಸರ. ಈಗ ಎಲ್ಲಿಗೆ ಹೋಗ್ಲಿರೀ? ನೀವು ನಿಂದ್ರು ಅಂದಲ್ಲೇ ನಿಂತೀನಿ. ನಂದೇನ್ ತಪ್ರಿ?"

ನನಗೆ ನಾಚಿಕೆಯಾಯಿತು. ಜನ ತಾವೇ ಬಡಿದಾಡುತ್ತಾರೆ, ಸರ್ಕಾರ, ಸೈನ್ಯ ಬಂದು ಬಿಡಿಸುತ್ತವೆ ಎಂದು ಇಷ್ಟು ದಿನ ಪೇಪರ್ ಓದಿ ನಂಬಿದ್ದೆ. ಬಿಡಿಸುವುದಕ್ಕೆ ಮೊದಲು ವಿಂಗಡಿಸಬೇಕಲ್ಲ? ಆ ಕೆಲಸ ಯಾರು ಮಾಡುತ್ತಾರೆ? ನಮ್ಮಲ್ಲಂತೂ ನಾನೇ ಮಾಡಿದೆ. ಇಷ್ಟಕ್ಕೂ ಇಬ್ಬರದೂ ಕನ್ನಡ, ಇಬ್ಬರಿಗೂ ಅದೇ ಹಬ್ಬ!

ಮರುದಿನ ಬೆಳಿಗ್ಗೆ ಪೊರಕೆ ತಂದು ಗೆರೆ ಗುಡಿಸಿದೆ. "ಇವತ್ತಿಂದ ಒಂದೇ ಲೈನ್" ಎಂದು ಕೂಗಿ ಹೇಳಿದೆ.

ಟ್ಯಾಂಕರ್ ಬಂತು. ಜನ ಮತ್ತೆ ಎರಡು ಸಾಲಾಗಿಯೇ ನಿಂತರು. ಕಸ್ತೂರಿ ಕೊಡ ಹಿಡಿದು ಗೌರಮ್ಮನ ಹಿಂದೆ ಹೋಗಿ ನಿಂತರು. "ನಿಮ್ಮ ಲೈನ್ ಆ ಕಡೆ" ಎಂದರು ಗೌರಮ್ಮ. ನಾಲ್ಕು ವರ್ಷದಲ್ಲಿ ಮೊದಲ ಸಲ ಆಕೆಗೆ ಬಹುವಚನ.

ನಂಜಪ್ಪ ನನ್ನ ಪಕ್ಕಕ್ಕೆ ಬಂದರು. ನಗಲಿಲ್ಲ.

"ಹಳೇ ಯೂನಿಫಾರ್ಮ್ ಇನ್ನೂ ಇದೆ ಸಾರ್. ಹಾಕ್ಕೊಂಡು ಬಂದು ಮಧ್ಯೆ ನಿಂತ್ಕೊಳ್ಲಾ?"