ಟೋಪನ್ ಮೇಲಿರುವತನಕ ಶನಿವಾರ

ಕೆಜಾಯಾ ಲಾರಬಿಗೆ ಹೆದರಿಕೆಯಾದರೆ ನಗು ಬರುತ್ತಿತ್ತು. ಅದೊಂದು ಕಾಯಿಲೆ ಅಂತಲೇ ಇಟ್ಟುಕೊಳ್ಳಿ. ಗಂಡ ನೇಥನ್ನನ ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗಲೂ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡು ಭುಜ ಕುಣಿಸಿದ್ದಳು. ಪಾಪ, ಎಷ್ಟು ಅಳ್ತಾಳೆ ಎಂದು ಅರ್ಧ ಊರು ಮರುಗಿತು. ಉಳಿದರ್ಧಕ್ಕೆ ನಿಜ ಗೊತ್ತಿತ್ತು, ಆ ಉಳಿದರ್ಧದಲ್ಲಿ ಚರ್ಚಿನ ಹಿರಿಯರಾದ ಡೀಕನ್ ಓಬೆಡ್ ಸ್ವೇನ್ ಇದ್ದರು. ನಮ್ಮ ಕ್ರೇನ್ಸ್ ಪಾಯಿಂಟಿನ ಸಭಾಮನೆಯಲ್ಲಿ ಪ್ರಾರ್ಥನೆಗೆ ಯಾರು ಯಾವ ಬೆಂಚಿನಲ್ಲಿ ಕೂರಬೇಕೆಂದು ವರ್ಷಕ್ಕೊಮ್ಮೆ ಪಟ್ಟಿ ಹಾಕುವವರು ಅವರೇ. ಆ ವರ್ಷದ ಪಟ್ಟಿಯಲ್ಲಿ ಕೆಜಾಯಾ ಮೆಟ್ಟಿಲ ಕೆಳಗಿನ ಕಟ್ಟಕಡೆಯ ಬೆಂಚಿಗೆ ಬಿದ್ದಳು. ಈ ಊರಿನ ಜನ ಮೂರು ದಿನ ಉಪವಾಸ ಬೇಕಾದರೂ ಇದ್ದಾರು, ಒಂದು ಬೆಂಚು ಹಿಂದಕ್ಕೆ ಹಾಕಿದರೆ ಮಾತ್ರ ತಡೆದುಕೊಳ್ಳುವುದಿಲ್ಲ. ಕೆಜಾಯಾ ತಡೆದುಕೊಂಡಳು. ಅಲ್ಲಿ ಕೂತರೆ ನಗುವುದು ಯಾರಿಗೂ ಕಾಣುವುದಿಲ್ಲವಲ್ಲ.

ಕುಂಬಾರನಾಗಿದ್ದ ಗಂಡ ಬಿಟ್ಟುಹೋದದ್ದು ಒಂದು ತಿಗುರಿ, ಮಡಕೆ ಸುಡುವ ಒಂದು ಆವಿಗೆ, ಹೊಳೆದಂಡೆಯ ಅಂಗಳ. ಹನ್ನೊಂದು ವರ್ಷ ಅವಳೇ ತಿಗುರಿ ತುಳಿದು ಕೆಂಪು ಮಡಕೆ ಮಾಡಿ ಮಾರಿದಳು. ಕೆಂಪು ಮಡಕೆಯ ಹಣೆಬರಹ ಎಲ್ಲರಿಗೂ ಗೊತ್ತು. ಸೇಬಿನ ಸೈಡರ್ ಹಾಕಿದರೆ ಒಸರುತ್ತದೆ, ಉಪ್ಪಿನಕಾಯಿ ಹಾಕಿದರೆ ಮೆರುಗು ಕಿತ್ತುಕೊಂಡು ಬರುತ್ತದೆ, ಬೆಕ್ಕು ಹಾರಿದರೆ ಚೂರು. ಗಟ್ಟಿ ಬೂದುಬಣ್ಣದ ಜಾಡಿ ಬೇಕೆಂದರೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕು, ಬಾಸ್ಟನ್ನಿನ ವ್ಯಾಪಾರಿ ಹೇಳಿದ ಬೆಲೆ ತೆರಬೇಕು. ಅಂಥ ಜಾಡಿಯನ್ನು ಇಲ್ಲೇ ಯಾಕೆ ಸುಡಬಾರದು ಎಂಬ ಹುಳ ಅವಳ ತಲೆಗೆ ಹೊಕ್ಕಿತು. ಯೋಸ್ಟ್ ಎಂಬ ಜರ್ಮನ್ ಕುಂಬಾರ ಫಿಲಡೆಲ್ಫಿಯಾದಿಂದ ಕೆಲಸ ಹುಡುಕಿಕೊಂಡು ಬಂದ ಮೇಲಂತೂ ಆ ಹುಳ ಅವಳನ್ನು ಮಲಗಗೊಡಲಿಲ್ಲ. ಯೋಸ್ಟ್‌ನಿಗೆ ಆ ವಿದ್ಯೆ ಗೊತ್ತಿತ್ತು. ಆಳೆತ್ತರದ ಹೊಸ ಆವಿಗೆ ಬೇಕು, ನ್ಯೂಯಾರ್ಕಿನ ಕಡೆಯಿಂದ ದೋಣಿ ತುಂಬ ಬಿಳಿ ಜೇಡಿ ಬೇಕು, ರಾಶಿ ಸೌದೆ ಬೇಕು, ಬೆಂಕಿ ನೆತ್ತಿಗೇರಿದ ಹೊತ್ತಿಗೆ ಒಳಗೆಸೆಯಲು ಉಪ್ಪು ಬೇಕು. ಆ ಉಪ್ಪಿನ ಹೊಗೆಯೇ ಜಾಡಿಗೆ ಮೆರುಗು ಕೊಡುವುದು.

ಇಷ್ಟಕ್ಕೆಲ್ಲ ಬಂಡವಾಳ? ಅವಳ ಹತ್ತಿರ ಇದ್ದದ್ದು ನಗು ಮಾತ್ರ.

ಮನೆಮನೆ ಹತ್ತಿಳಿದಳು. ಪಾಲು ತಗೊಳ್ಳಿ, ಲಾಭದಲ್ಲಿ ಪಾಲು ಕೊಡುತ್ತೇನೆ ಎಂದಳು. ಬೆಳ್ಳಿ ನಾಣ್ಯ ಯಾರ ಹತ್ತಿರವೂ ಇರಲಿಲ್ಲ, ಬಾಸ್ಟನ್ನಿನ ಕಾಗದದ ನೋಟನ್ನು ನಂಬುವ ಕಾಲವೂ ಅದಲ್ಲ. ಹಾಗಾಗಿ ಒಬ್ಬರು ಇಟ್ಟಿಗೆ ಕೊಡುತ್ತೇನೆಂದರು, ಒಬ್ಬರು ದೋಣಿ ಬಾಡಿಗೆ ವಹಿಸಿಕೊಂಡರು. ಮೀನು ವ್ಯಾಪಾರಿ ಜೋಥಮ್ ಹ್ಯಾಸ್ಕೆಲ್ ಉಪ್ಪು ಕೊಡಲು ಒಪ್ಪಿದ. ಡೀಕನ್ನರು ಬಹಳ ಹೊತ್ತು ಗಲ್ಲ ಸವರಿಕೊಂಡು ಒಂದೇ ಒಂದು ಗಾಡಿ ಸೌದೆಗೆ ಹೂಂ ಅಂದರು. ಜೊತೆಗೆ ಷರತ್ತೊಂದನ್ನು ಬರೆಸಿದರು: ಹೊಸ ಆವಿಗೆಯ ಮೊದಲ ಸುಡುವಿಕೆ ಕೆಟ್ಟರೆ ಅಂಗಳ, ತಿಗುರಿ, ಮನೆ ಎಲ್ಲವೂ ಪಾಲುದಾರರಿಗೆ. ಸಹಿ ಹಾಕುವಾಗ ಕೆಜಾಯಾಗೆ ಎಷ್ಟು ನಗು ಬಂತೆಂದರೆ ಲೇಖನಿಯ ಶಾಯಿ ಡೀಕನ್ನರ ಅಂಗಿಯ ತೋಳಿಗೆ ಸಿಡಿಯಿತು.

ಪಾಲುದಾರರ ಮರ್ಯಾದೆಗೆಂದು ಒಬ್ಬೊಬ್ಬರ ಹೆಸರು ಬರೆದು ಒಂದೊಂದು ಕೆಂಪು ಹೂಜಿ ಮಾಡಿ ಅಂಗಡಿಯ ಹಲಗೆಯ ಮೇಲೆ ಸಾಲಾಗಿ ಇಟ್ಟಳು. ಜೋಥಮ್‌ನ ಹೂಜಿ ಇನ್ನೂ ಹಸಿಯಾಗಿತ್ತು. ಬೇಗ ಒಣಗಲಿ ಎಂದು ಒಲೆಯ ಪಕ್ಕ, ಸಾಲಿನ ಮೊದಲಿಗೆ ಇಟ್ಟಳು. ಅಷ್ಟೇ ಅವಳು ಮಾಡಿದ ತಪ್ಪು. ಬೇರೆ ಊರಾಗಿದ್ದರೆ ಅದು ಹಲಗೆ, ಅದರ ಮೇಲೆ ಹೂಜಿ. ನಮ್ಮೂರಿನಲ್ಲಿ ಸಾಲು ಅಂದರೆ ಬೆಂಚಿನ ಸಾಲೇ.

ಡೀಕನ್ನರು ಎಳೆಬಿಸಿಲಿಗೆ ಅಡ್ಡಾಡಲು ಬಂದವರು ಹಲಗೆಯನ್ನು ನೋಡಿದರು. ಮೊದಲು ಮೀನಿನವನು. ಆಮೇಲೆ ತಾವು. ಬಂದ ದಾರಿಯಲ್ಲೇ ಹೊರಟುಹೋದರು. ಮಾರನೇ ದಿನ ಮೂರು ಗಾಡಿ ಸೌದೆ ಬಂತು. ಕೆಜಾಯಾಗೆ ತಲೆಬುಡ ತಿಳಿಯಲಿಲ್ಲ. ಉಪಕಾರಕ್ಕಾದರೂ ಇರಲಿ ಎಂದು ಅವರ ಹೂಜಿಯನ್ನು ಒಲೆ ಪಕ್ಕಕ್ಕೆ ಸರಿಸಿದಳು. ಸಂಜೆಯೊಳಗೆ ಜೋಥಮ್ ಎರಡು ಪೀಪಾಯಿ ಉಪ್ಪು ಉರುಳಿಸಿಕೊಂಡು ಬಂದು, ಹಲಗೆಯ ಕಡೆ ನೋಡಿಯೂ ನೋಡದವನ ಹಾಗೆ ನಿಂತ. ಆಗ ಅವಳಿಗೆ ಜ್ಞಾನೋದಯವಾಯಿತು. ಅಲ್ಲಿಂದ ದಿನಾ ಬೆಳಿಗ್ಗೆ ದೂಳು ಒರೆಸುವ ನೆಪದಲ್ಲಿ ಹೂಜಿಗಳನ್ನು ಕೆಳಗಿಳಿಸುವಳು, ಮತ್ತೆ ಇಡುವಾಗ ಎರಡನ್ನು ಅದಲುಬದಲು ಮಾಡುವಳು. ಮಧ್ಯಾಹ್ನದ ಹೊತ್ತಿಗೆ ಅಂಗಳಕ್ಕೆ ಗಾಡಿ ಬಂದೇ ಬರುತ್ತಿತ್ತು. ಹದಿನೈದು ದಿನಕ್ಕೆ ಇಟ್ಟಿಗೆ ಇಡಲು ಜಾಗವಿಲ್ಲದಂತಾಯಿತು. ಏನು ಮಂತ್ರ ಹಾಕಿದ್ರಿ ಅಮ್ಮಾವ್ರೆ ಎಂದು ಯೋಸ್ಟ್ ಕೇಳಿದರೆ, ಒರೆಸುವ ಬಟ್ಟೆ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ಹೆದರಿಕೆಯ ನಗುವಲ್ಲ, ಶುದ್ಧ ಪೋಲಿ ನಗು.

ಆವಿಗೆ ಎದ್ದಿತು. ಹೊಸ ಜೇಡಿಯಲ್ಲಿ ಜಾಡಿಗಳಾದವು, ಪಾಲುದಾರರಿಗೆಲ್ಲ ನೀಲಿಯಲ್ಲಿ ಹೆಸರು ಬರೆದ ಹೊಸ ಹೂಜಿಗಳಾದವು. ಬುಧವಾರ ಬೆಳಿಗ್ಗೆ ಬೆಂಕಿ ಹಾಕಿದರು. ಶುಕ್ರವಾರ ಸಂಜೆಗೆ ಉಪ್ಪೆಸೆದು ಆವಿಗೆಯ ಬಾಯಿ ಮುಚ್ಚುವುದು ಎಂಬುದು ಯೋಸ್ಟ್‌ನ ಲೆಕ್ಕ. ಆ ಲೆಕ್ಕ ತಪ್ಪಿಸಿದ್ದು ಡೀಕನ್ನರ ಸೌದೆ. ಮೇಲುಗೈಯ ಅವಸರದಲ್ಲಿ ಹಸಿ ಮರ ಕಡಿಸಿ ಕಳಿಸಿದ್ದರು. ಅದು ಉರಿಯುವ ಬದಲು ಅಳುತ್ತ ಕೂತಿತು. ಶುಕ್ರವಾರ ಹೋಯಿತು, ಶನಿವಾರ ಮಧ್ಯಾಹ್ನವೂ ಜಾರಿತು.

ನಮ್ಮಲ್ಲಿ ಶನಿವಾರ ಸೂರ್ಯ ಮುಳುಗಿದ ಗಳಿಗೆಯಿಂದಲೇ ದೇವರ ದಿನ. ಆಮೇಲೆ ಕೈಕೆಲಸ ಮುಟ್ಟಿದರೆ ದಂಡ, ಸಭೆಯಲ್ಲಿ ಮಾನ ಹರಾಜು. ಅದನ್ನು ಕಾಯುವವರೂ ಡೀಕನ್ ಸ್ವೇನರೇ. ಬೆಂಕಿಯನ್ನು ನಡುವೆ ನಿಲ್ಲಿಸಿ ಸೋಮವಾರ ಮತ್ತೆ ಹಚ್ಚೋಣವೆಂದರೆ ಅಷ್ಟರಲ್ಲಿ ಜಾಡಿಗಳೆಲ್ಲ ಸೀಳಿರುತ್ತವೆ. ಕೆಜಾಯಾಳ ಮನೆ, ತಿಗುರಿ, ಅಂಗಳ ಮೂರೂ ಆ ಸೂರ್ಯನ ಕೈಯಲ್ಲಿದ್ದವು.

ಸಂಜೆ ಪಾಲುದಾರರೆಲ್ಲ ಅಂಗಳದಲ್ಲಿ ನೆರೆದರು. ಯೋಸ್ಟ್ ಕೊಕ್ಕೆ ಹಾಕಿ ಹದ ನೋಡಲೆಂದು ಆವಿಗೆಯೊಳಗೆ ಇಟ್ಟಿದ್ದ ಮಣ್ಣಿನ ಬಳೆಯೊಂದನ್ನು ಎಳೆದು ನೋಡಿ ತಲೆಯಾಡಿಸಿದ. ಇನ್ನೂ ಸ್ವಲ್ಪ ಬೇಕು. ಸೂರ್ಯ ಗುಡ್ಡದ ಹಿಂದೆ ಇಳಿಯತೊಡಗಿದ. ಕೆಜಾಯಾಳ ಭುಜ ಕುಣಿಯತೊಡಗಿತು.

ಡೀಕನ್ನರು ಆವಿಗೆಯ ಸಂದಿನೊಳಗೆ ಇಣುಕಿದರು. ಕೆಂಡದ ಬೆಳಕಿನಲ್ಲಿ ತಮ್ಮ ಹೆಸರಿನ ಹೂಜಿ ಕಾಣಿಸಿತೋ ಏನೋ. ಗಂಟಲು ಸರಿಮಾಡಿಕೊಂಡರು.

"ಗುಡ್ಡ ಅಡ್ಡ ಬಂದದ್ದು ಗುಡ್ಡದ ತಪ್ಪು, ಲಾರಬಿಯಮ್ಮ. ಸೂರ್ಯ ಮುಳುಗಿದ್ದಾನೆ ಅಂತ ನಾನಿನ್ನೂ ಹೇಳಿಲ್ಲ."

ಹಾಗೆಂದವರೇ ಕೋಲೂರಿಕೊಂಡು ಗುಡ್ಡ ಹತ್ತಲು ಹೊರಟೇಬಿಟ್ಟರು. ಹಿಂದೆ ಜೋಥಮ್, ಅವನ ಹಿಂದೆ ಉಳಿದ ಪಾಲುದಾರರು. ಬೆಂಚಿನ ಕ್ರಮದಲ್ಲೇ ಹತ್ತಿದರು ಅಂತ ಬೇರೆ ಹೇಳಬೇಕೆ. ತುದಿಯಲ್ಲಿ ನೋಡಿದರೆ ಸೂರ್ಯ ಇನ್ನೂ ಇದ್ದ, ಪೂರ್ತಿ ದುಂಡಗೆ. ಸ್ವಲ್ಪ ಹೊತ್ತಿಗೆ ಅಲ್ಲೂ ಅರ್ಧವಾದ. ಗುಡ್ಡದ ಮೇಲೆ ಜೋಳ ಬೀಸುವ ಗಾಳಿಗಿರಣಿಯಿತ್ತು. ಅರವತ್ತೆಂಟು ವರ್ಷದ ಡೀಕನ್ನರು ಅದರ ಏಣಿ ಹತ್ತಿದರು. ಸೂರ್ಯ ಕಾಣುತ್ತಿರುವವರೆಗೂ ಕೆಳಗಿನವರಿಗೆ ಗೊತ್ತಾಗಲೆಂದು ತಲೆಯ ಮೇಲಿನ ಬಿಳಿ ಕೂದಲಿನ ಟೋಪನ್ ಕಿತ್ತು ಕೋಲಿನ ತುದಿಗೆ ಸಿಕ್ಕಿಸಿ ಎತ್ತಿ ಹಿಡಿದರು. ಟೋಪನ್ ಮೇಲಿದ್ದರೆ ಶನಿವಾರ, ಇಳಿದರೆ ಭಾನುವಾರ. ದೇವರು ಲೋಕ ಸೃಷ್ಟಿಸಿದಾಗಲೂ ವಾರವನ್ನು ಇಷ್ಟು ಸಲೀಸಾಗಿ ಅಳೆದಿರಲಾರ.

ಕೆಳಗೆ ಕೆಜಾಯಾ ಉಪ್ಪಿನ ಸಟ್ಟುಗ ಹಿಡಿದು, ಕತ್ತು ಗಿರಣಿಯ ಕಡೆ ತಿರುಗಿಸಿ, ನಗುತ್ತ ನಗುತ್ತ ಕಣ್ಣೀರು ಸುರಿಸುತ್ತ ನಿಂತಿದ್ದಳು. ಟೋಪನ್ ಗಾಳಿಗೆ ತೊನೆಯಿತು. ಇಳಿಯಿತೇನೋ ಅನ್ನಿಸಿತು. ಇಲ್ಲ, ಮತ್ತೆ ಎದ್ದಿತು. ಯೋಸ್ಟ್ ಇನ್ನೊಂದು ಬಳೆ ಎಳೆದ. ನೋಡಿದ.

"ಹಾಕಿ ಅಮ್ಮಾವ್ರೆ."

ಮೊದಲ ಸರದಿಯ ಉಪ್ಪು ಒಳಗೆ ಬಿದ್ದದ್ದೇ ತಡ, ಆವಿಗೆ ಚಟಪಟ ಸಿಡಿದು ಬೆಳ್ಳನೆಯ ಹೊಗೆ ಕಾರಿತು. ಜೊತೆಗೆ ಒಂದು ವಾಸನೆ. ಜೋಥಮ್ ಕೊಟ್ಟದ್ದು ಒಮ್ಮೆ ಮೀನು ಊರಿಸಿ ಉಳಿದ ಉಪ್ಪು, ಕಳ್ಳ. ಊರಿಗೆ ಊರೇ ಒಣಮೀನು ಸುಟ್ಟ ಘಮಲು. ನಾಯಿಗಳು ಓಡಿ ಬಂದವು, ಅಡುಗೆಮನೆಯಲ್ಲಿದ್ದ ಹೆಂಗಸರು ಒಲೆಯ ಮೇಲೆ ಏನು ಸೀದಿತೆಂದು ಹುಡುಕಿದರು. ಹೊಗೆ ಗುಡ್ಡ ಹತ್ತಿತು, ಪಾಲುದಾರರನ್ನು ನುಂಗಿತು, ಗಿರಣಿಯನ್ನು ನುಂಗಿತು. ಟೋಪನ್ ಕಾಣದಾಯಿತು.

ಇನ್ನೂ ಎರಡು ಸರದಿಯ ಉಪ್ಪು ಉಳಿದಿತ್ತು. ಕೆಜಾಯಾ ಸಟ್ಟುಗ ಎತ್ತಿದವಳು ಹಾಗೇ ನಿಂತಳು. ಹಾಕಿದರೆ ಪಾಪವೋ, ಹಾಕದಿದ್ದರೆ ಮನೆ ಹೋಯಿತೋ.

"ಇಳಿದದ್ದು ಕಾಣಿಸ್ತಾ ನಿಮಗೆ?" ಎಂದ ಯೋಸ್ಟ್.

"ಇಲ್ಲ."

"ಹಂಗಾದ್ರೆ ಇಳಿದಿಲ್ಲ."

ಹಾಕಿದಳು. ಎರಡನೆಯದು, ಮೂರನೆಯದು. ಬಾಯಿ ಮುಚ್ಚಿ, ಮಣ್ಣು ಮೆತ್ತಿ, ನೆಲಕ್ಕೆ ಕುಸಿದಳು. ಹೊಗೆ ಕರಗುವ ಹೊತ್ತಿಗೆ ಆಕಾಶದಲ್ಲಿ ಚುಕ್ಕಿಯೊಂದು ಮೂಡಿತ್ತು, ಟೋಪನ್ ಇರಲಿಲ್ಲ.

ಮಾರನೇ ದಿನ ಸಭಾಮನೆಗೆ ಸಭಾಮನೆಯೇ ಮೀನು ನಾರುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ನಾರುತ್ತಿದ್ದದ್ದು ಡೀಕನ್ನರ ಟೋಪನ್. ಪ್ರಾರ್ಥನೆ ಮುಗಿದ ಮೇಲೆ ಅವರು ಅದನ್ನು ತೆಗೆದು ಕೈಯಲ್ಲಿ ಹಿಡಿದು ಎದ್ದು ನಿಂತರು. ತಪ್ಪು ಮಾಡಿದವರು ಎಲ್ಲರೆದುರು ಒಪ್ಪಿಕೊಳ್ಳುವುದು ನಮ್ಮ ರೂಢಿ. ಆದರೆ ಡೀಕನ್ನರೇ ಒಪ್ಪಿಕೊಳ್ಳುವುದನ್ನು ಯಾರೂ ಕಂಡಿರಲಿಲ್ಲ. ಒಂದು ಹೂಜಿಯ ಆಸೆಗೆ ಬಿದ್ದು ದೇವರ ದಿನವನ್ನು ಒಂದು ಗಾಳಿಗಿರಣಿಯಷ್ಟು ಮುಂದಕ್ಕೆ ತಳ್ಳಿದೆ, ಕಡೆಗೆ ಹೊಗೆಯಲ್ಲಿ ಸೂರ್ಯ ಯಾವಾಗ ಮುಳುಗಿದನೋ ಕಾಣಲಿಲ್ಲ, ನನ್ನ ಮಾತು ನಂಬಿ ಕೆಲಸ ಮಾಡಿದ ಹೆಂಗಸಿನದೇನೂ ತಪ್ಪಿಲ್ಲ ಎಂದರು. ದಂಡವನ್ನು ತಾವೇ ತಮಗೆ ಹಾಕಿಕೊಂಡರು. ಮೆಟ್ಟಿಲ ಕೆಳಗೆ ಕೆಜಾಯಾ ಶಾಲು ಕಚ್ಚಿಕೊಂಡಳು. ಆದರೆ ಆ ಬೋಳುತಲೆಯ ಮುದುಕ ಅಷ್ಟು ಜನರ ಮುಂದೆ ಒಬ್ಬನೇ ನಿಂತದ್ದು ನೋಡಿ, ಯಾಕೋ ಏನೋ, ಅವಳ ನಗು ಅಲ್ಲೇ ಆರಿಹೋಯಿತು.

ಗುರುವಾರ ಆವಿಗೆ ತಣ್ಣಗಾಗಿ ಬಾಯಿ ತೆರೆದರು. ಒಳಗಿದ್ದದ್ದೆಲ್ಲ ಬೂದುಬಣ್ಣಕ್ಕೆ ಮಿರಮಿರ ಮಿಂಚುತ್ತಿತ್ತು. ಮೂರು ಜಾಡಿ ಬಿಟ್ಟರೆ ಒಂದೂ ಸೀಳಿರಲಿಲ್ಲ. ಯೋಸ್ಟ್ ಕುಣಿದೇಬಿಟ್ಟ. ಷರತ್ತಿನ ಕಾಗದವನ್ನು ಡೀಕನ್ನರು ಅವರಾಗಿಯೇ ಹರಿದು ಒಲೆಗೆ ಹಾಕಿದರು.

ಹೊಸ ಹೂಜಿಗಳನ್ನು ಹಲಗೆಯ ಮೇಲೆ ಜೋಡಿಸಿದ್ದಾಯಿತು. ಡೀಕನ್ನರು ಸಾಲಿನ ಮೊದಲಿದ್ದ ತಮ್ಮ ಹೂಜಿಯನ್ನು ಎತ್ತಿ, ತಪ್ಪಿತಸ್ಥನ ಜಾಗ ಇದೇ ಎಂದು ಕಟ್ಟಕಡೆಗೆ ಇಟ್ಟರು. ತಾನೂ ಗುಡ್ಡ ಹತ್ತಿದವನೇ ಅಲ್ಲವೇ ಎಂದು ಜೋಥಮ್ ತನ್ನದನ್ನು ಅವರದರ ಆಚೆಗೆ ತುರುಕಿದ. ಇಟ್ಟಿಗೆಯವನು ಅದರಾಚೆಗೆ, ದೋಣಿಯವನು ಅದಕ್ಕೂ ಆಚೆಗೆ. ವಿನಯದಲ್ಲೂ ಹಿಂದೆ ಬೀಳುವ ಜನ ಅಲ್ಲ ನೋಡಿ ನಮ್ಮವರು. ಕಡೆಯ ತುದಿಯಲ್ಲಿ ನೂಕುನುಗ್ಗಲಾಗಿ ಹೂಜಿಗಳು ಬೀಳುವಂತಾದವು. ಒಲೆಯ ಪಕ್ಕದ ಮೊದಲ ಜಾಗ ಮಾತ್ರ ಬಟಾಬಯಲು.

ಯೋಸ್ಟ್ ಒಳಗೆ ಹೋಗಿ ಒಂದು ಹೂಜಿ ತಂದ. ಯಾರಿಗೂ ಹೇಳದೆ ಆವಿಗೆಯ ಮೂಲೆಯಲ್ಲಿ ಇಟ್ಟು ಸುಟ್ಟಿದ್ದನಂತೆ. ಅದರ ಮೇಲೆ ನೀಲಿಯಲ್ಲಿ "ಕೆಜಾಯಾ" ಎಂದಷ್ಟೇ ಇತ್ತು. ಆ ಖಾಲಿ ಜಾಗದಲ್ಲಿ ಅದನ್ನಿಟ್ಟ. ತೆಗಿ ಅನ್ನಲು ಯಾರಿಗೂ ಬಾಯಿ ಬರಲಿಲ್ಲ. ತೆಗಿ ಅಂದವನ ಹೂಜಿಯೇ ಆ ಮೊದಲ ಜಾಗಕ್ಕೆ ಹೋಗಬೇಕಾಗುತ್ತಿತ್ತಲ್ಲ.

ಕೆಜಾಯಾ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡಳು. ಭುಜ ಕುಣಿಯತೊಡಗಿತು. ಶುರುವಾಯ್ತು ಇವಳದು ಎಂದು ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಡೀಕನ್ನರೊಬ್ಬರೇ ನಗಲಿಲ್ಲ. ಹತ್ತಿರ ಬಂದು, ಜನರಿಗೆ ಅವಳ ಮುಖ ಕಾಣದ ಹಾಗೆ ಅಡ್ಡ ನಿಂತರು.

"ಅಳಮ್ಮ, ಅಳು," ಎಂದರು ಮೆಲ್ಲಗೆ. "ಯಾರಿಗೂ ಹೇಳಲ್ಲ."